ಹೂವಮ್ಮನ ಬಾವಿ

ಹೂವಮ್ಮ ಯಾವ ಕಚೇರಿಯಲ್ಲೂ ಕುರ್ಚಿಯ ಮೇಲೆ ಕೂತವಳಲ್ಲ. ಕೇಳಿದ್ದಕ್ಕೆ ಉತ್ತರ ಬರುವತನಕ ನಿಂತೇ ಇರುವುದು ಅವಳ ವ್ರತ. ಎತ್ತರದ ಒಣಕಲು ದೇಹ, ಸೀರೆಯ ಮೇಲೆ ತೀರಿಹೋದ ಗಂಡ ಬೀರಪ್ಪನ ಖಾಕಿ ಕೋಟು, ಅದರ ತೋಳನ್ನು ಎರಡು ಮಡಿಕೆ ಮಡಿಚಿ ಅವಳು ಮೇಜಿನೆದುರು ನಿಂತಳೆಂದರೆ ಗುಮಾಸ್ತರ ಲೇಖನಿ ತಾನಾಗಿ ತಡವರಿಸುತ್ತಿತ್ತು. ಶಿವಮೊಗ್ಗದ ಹೊಸಮನೆಯ ವಕೀಲ ಓಂಕಾರಪ್ಪನವರು ೧೯೫೯ರ ಒಂದು ಬೆಳಿಗ್ಗೆ ಅವಳನ್ನು ಮೊದಲು ಕಂಡದ್ದೂ ಹೀಗೆಯೇ, ಕಕ್ಷಿದಾರರ ಬೆಂಚು ಪೂರ್ತಿ ಖಾಲಿಯಿದ್ದಾಗ.

ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನ ಬಳಿ ಅವಳದೊಂದು ಖಾನಾವಳಿ. ಪಾಳಿ ಬಿಟ್ಟ ಕನ್ನಡಿಗರು, ತಮಿಳರು, ತೆಲುಗರು ಒಂದೇ ಪಂಕ್ತಿಯಲ್ಲಿ ಮುದ್ದೆ-ಸಾರು ಉಣ್ಣುತ್ತಿದ್ದರು. ಊರಿನಲ್ಲಿ ಕಾಲರಾ ಕಾಣಿಸಿಕೊಂಡ ವರ್ಷ, ಅವಳ ಬಾವಿಯ ನೀರು ಕೆಟ್ಟಿದೆಯೆಂದು ಆರೋಗ್ಯ ಇನ್ಸ್‌ಪೆಕ್ಟರೊಬ್ಬರು ವರದಿ ಬರೆದರು. ಬಾಗಿಲಿಗೆ ಅರಗಿನ ಮುದ್ರೆ ಬಿತ್ತು. ಏಳು ತಿಂಗಳ ಮೇಲೆ ಜವಾನನೊಬ್ಬ ಬಂದು ಮುದ್ರೆ ಒಡೆದು ಹೋದ. ತಪ್ಪಾಯಿತೆಂಬ ಮಾತಿಲ್ಲ, ಖಾನಾವಳಿ ಮುಚ್ಚಿಸಿದ ಹುಕುಂ ಹಾಗೆಯೇ ಉಳಿಯಿತು. ಅಷ್ಟರಲ್ಲಿ ಉಣ್ಣುವವರು ಚದುರಿದ್ದರು. ಆ ವರ್ಷ ಸತ್ತ ಇಬ್ಬರು ಅವಳ ಕೈಯ ಅನ್ನ ಉಂಡವರೆಂದು ಸಂತೆಯಲ್ಲಿ ಆಡಿಕೊಂಡದ್ದಂತೂ ಅವಳ ನಿದ್ದೆ ಕೆಡಿಸಿತ್ತು.

ಕಾಗದಗಳನ್ನೋದಿ ಓಂಕಾರಪ್ಪನವರು ಸುಲಭದ ದಾರಿ ತೋರಿಸಿದರು. "ಬೆಂಗಳೂರಿನ ಹೈಕೋರ್ಟಲ್ಲಿ ರಿಟ್ ಹಾಕೋಣ ಕಣಮ್ಮ. ಖರ್ಚು ಕಮ್ಮಿ. ಆರ್ಡರ್ ರದ್ದಾಗುತ್ತೆ."

"ಅದಿರ್ಲಿ," ಎಂದಳು, ಯಾವ ಮಾತಿಗೂ ಅವಳ ಪೀಠಿಕೆ ಅದೇ. "ಅಲ್ಲಿ ಆ ಇನ್ಸ್‌ಪೆಕ್ಟ್ರು ಬಂದು ನಿಂತ್ಕೋತಾರಾ?"

"ಇಲ್ಲ. ಅಲ್ಲೆಲ್ಲ ಕಾಗದದ ಮೇಲೇ. ವಕೀಲರಷ್ಟೇ ಮಾತಾಡೋದು."

"ಹಂಗಾದ್ರೆ ಬ್ಯಾಡ. ಆರ್ಡರ್ ಹರಿದಾಕಿದ್ರೆ ನನ್ನ ಏಳು ತಿಂಗಳು ತಿರುಗಿ ಬರುತ್ತಾ ಮಾರಾಯ್ರೆ? ಸರ್ಕಾರದ ಮೇಲೇ ನಷ್ಟಕ್ಕೆ ದಾವಾ ಹಾಕಿ. ನನ್ನ ಬಾವಿ ಹೊಲಸು ಅಂತ ನನ್ನೆದುರಿಗೆ ನಿಂತು ಹೇಳ್ಲಿ."

ಕೋರ್ಟ್ ಫೀ ಹೆಚ್ಚು, ರೋಗ ಬಂದಾಗ ಸರ್ಕಾರ ಮಾಡಿದ್ದಕ್ಕೆ ಪರಿಹಾರ ಸಿಗುವುದು ಅನುಮಾನ, ಎಂದೆಲ್ಲ ಅವರು ಹೆದರಿಸಿ ನೋಡಿದರು. ಮರುವಾರವೇ ಅವಳು ಎರಡು ತಾಮ್ರದ ಹಂಡೆ ಮಾರಿ ಫೀ ತಂದಳು.

ದಾವೆ ಮೂರು ವರ್ಷ ಎಳೆಯಿತು. ಪ್ರತಿ ತಾರೀಕಿಗೂ ಬೆಳಗಿನ ರೈಲಿಗೆ ಬಂದು, ಸ್ಟೇಷನ್ನಿನಿಂದ ಜಟಕಾ ಹತ್ತದೆ, ಒಲೆಯ ಮೇಲೆ ಹಾಲಿಟ್ಟು ಬಂದವಳಂತೆ ದಾಪುಗಾಲು ಹಾಕುತ್ತ ಕೋರ್ಟು ಸೇರುವಳು, ಕೇಸು ಮುಂದಕ್ಕೆ ಹೋದರೆ, "ಅದಿರ್ಲಿ, ಇನ್ನೆಂದು?" ಎಂದು ಕೇಳಿ ಅದೇ ವೇಗದಲ್ಲಿ ಹಿಂದಿರುಗುವಳು.

ಕೊನೆಗೊಮ್ಮೆ ಇನ್ಸ್‌ಪೆಕ್ಟರು ಸಾಕ್ಷಿಕಟ್ಟೆ ಹತ್ತಿದರು. ಓಂಕಾರಪ್ಪನವರು ಹೂವಮ್ಮ ಹೇಳಿಕೊಟ್ಟಿದ್ದ ಪ್ರಶ್ನೆಯನ್ನೇ ಕೇಳಿದರು: "ಆ ಬಾವಿಗೆ ರಾಟೆ ಇತ್ತೋ, ಮೆಟ್ಟಿಲಿತ್ತೋ?"

"ಮೆಟ್ಟಿಲು," ಎಂದರು ಇನ್ಸ್‌ಪೆಕ್ಟರು, ಸೂರು ನೋಡುತ್ತ.

ಅವಳ ಬಾವಿಗೆ ಇದ್ದದ್ದು ರಾಟೆ. ಹಿಂದಿನ ದಿನವಷ್ಟೇ ಮೂವರು ಕೆಲಸಗಾರರು ಅದನ್ನು ಸಾಕ್ಷಿ ನುಡಿದಿದ್ದರು. ನ್ಯಾಯಾಧೀಶರು ಲೇಖನಿ ಕೆಳಗಿಟ್ಟರು. ಇನ್ಸ್‌ಪೆಕ್ಟರು ತಗ್ಗಿದ ದನಿಯಲ್ಲಿ ಹೇಳಿದರು: "ಒಂದೇ ದಿನ ಮೂವತ್ತು ಬಾವಿ ನೋಡ್ಬೇಕಿತ್ತು ಸ್ವಾಮಿ. ಅಲ್ಲಿಗೆ ನಾನು ಹೋಗ್ಲಿಲ್ಲ. ಸೀಸೇಲಿ ನೀರು ತಂದವನ ಮಾತು ನಂಬಿ ಬರೆದೆ."

ಅವಳು ಕೂಗಾಡುವಳೆಂದು ಓಂಕಾರಪ್ಪನವರು ಅಂಜಿದ್ದರು. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಹೊರಗೆ ಮರದಡಿ ಇನ್ಸ್‌ಪೆಕ್ಟರು ಎದುರಾದಾಗ ಮಾತ್ರ, "ಅವತ್ತೇ ಬಂದು ಹೇಳಿದ್ರೆ ಒಂದು ಚೊಂಬು ನೀರು ಕುಡಿಸಿ ಕಳಿಸ್ತಿದ್ದೆನಲ್ಲಪ್ಪ," ಎಂದಳು.

ಕೇಳಿದ್ದರಲ್ಲಿ ಮೂರನೆಯ ಒಂದು ಪಾಲಿಗೆ ಡಿಕ್ರಿಯಾಯಿತು. ಅಪೀಲು ಹೋಗೋಣವೆಂದು ಓಂಕಾರಪ್ಪನವರು ಎಗರಾಡಿದರೆ, ಅವಳು, "ಸಾಕು ಬಿಡಿ. ನನ್ನ ನೀರಲ್ಲಿ ದೋಷ ಇಲ್ಲ ಅಂತ ಬರ್ದಿದಾರಲ್ಲ," ಎಂದು ತೀರ್ಪಿನ ನಕಲು ಕೋಟಿನ ಒಳಜೇಬಿಗಿಟ್ಟುಕೊಂಡಳು. ಆ ಸಾಲನ್ನು ಖಾನಾವಳಿಯಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಓದಿಸಿದಳಂತೆ. ಹಳಬರೆಲ್ಲ ಬರಲಿಲ್ಲ, ಪಂಕ್ತಿ ತುಂಬುವಷ್ಟು ಜನ ಬಂದರು.

ಸರ್ಕಾರವನ್ನು ದೈವವೆಂದು ಕೈಮುಗಿಯುವವರುಂಟು, ಪಿಶಾಚಿಯೆಂದು ಶಪಿಸುವವರುಂಟು. ಹೂವಮ್ಮನಂಥವರಿಗೆ ಅದು ಪಕ್ಕದ ಮನೆಯವನು, ಅಷ್ಟೇ: ಕಾಲು ತುಳಿದರೆ, ತುಳಿದೆನೆಂದು ಮುಖ ನೋಡಿ ಒಪ್ಪಿಕೊಳ್ಳಬೇಕಾದವನು. ಊರಿಗೊಬ್ಬರು ಹೀಗೆ ನಿಂತು ಕೇಳುವವರಿದ್ದರೆ, ಉಳಿದ ನಾವೆಲ್ಲ ಸ್ವಲ್ಪ ನೆಮ್ಮದಿಯಿಂದ ಕೂತಿರಬಹುದು.