ಮುಟ್ಟಬೇಡ ಅಂದರೆ ಮುಟ್ಟಬೇಡ

ಸುಗುಣಾ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಗರಾಜಿನ ಕಡೆಯಿಂದ ಕೂಗು ಕೇಳಿಸಿತು. ಆಟದ ಕೂಗು ಎಂದುಕೊಂಡಳು. ಬೇಸಿಗೆ ರಜೆ ಶುರುವಾಗಿ ಹತ್ತು ದಿನವಾಗಿತ್ತು. ಮಿಲ್ಪಿಟಾಸಿನ, ಗೋಡೆಗೆ ಗೋಡೆ ಅಂಟಿದ ಆ ಟೌನ್‌ಹೌಸುಗಳ ಸಾಲಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳ ಗಲಾಟೆ ಇದ್ದದ್ದೇ. ಆದರೆ ಎರಡನೆಯ ಕೂಗು "ಅಮ್ಮಾ" ಎಂದಿತು. ಎಂಟು ವರ್ಷದ ಮಗಳು ಇಂದು ಉಳಿದ ಹೊತ್ತೆಲ್ಲ ಅವಳನ್ನು "ಮಾಮ್" ಎನ್ನುತ್ತಿದ್ದಳು. ತೀರಾ ಹೆದರಿದಾಗ ಮಾತ್ರ ಅಮ್ಮ.

ಸೌಟು ಬಿಸಾಡಿ ಓಡಿದಳು. ಅಡುಗೆಮನೆಯಿಂದ ಗರಾಜಿಗೆ ಒಳಬಾಗಿಲು ಇತ್ತು. ತೆರೆದರೆ ಒಳಗೆ ಅರೆಗತ್ತಲು. ರಸ್ತೆ ಕಡೆಯ ದೊಡ್ಡ ಬಾಗಿಲು ನೆಲದಿಂದ ನಾಲ್ಕೇ ಬೆರಳು ಮೇಲಿರುವಷ್ಟು ಇಳಿದು ನಿಂತಿತ್ತು. ಅದರ ಅಡಿಯಲ್ಲಿ ಎದುರುಮನೆಯ ಮಾರಿಸೆಲ್ ಬೋರಲು ಬಿದ್ದಿದ್ದಳು. ಆರು ವರ್ಷದ ಹುಡುಗಿ. ತಲೆ, ಬೆನ್ನು ಒಳಗೆ. ತೊಡೆಯ ಮೇಲೆ ಬಾಗಿಲು. ಪಕ್ಕದಲ್ಲಿ ಇಂದು ರಿಮೋಟು ಹಿಡಿದುಕೊಂಡು ನಿಂತಿದ್ದಳು.

ಸುಗುಣಾ ಗೋಡೆಯ ಬಟನ್ ಒತ್ತಿದಳು. ಮೋಟರು ಗುಂಯ್ ಎಂದು ನಿಂತಿತು. ಮತ್ತೊಮ್ಮೆ ಒತ್ತಿದರೆ ಆ ಸದ್ದೂ ಇಲ್ಲ. ಬಾಗಿಲಿನ ಅಂಚಿಗೆ ಎರಡೂ ಕೈ ಹಾಕಿ ಎತ್ತಲು ನೋಡಿದಳು. ಉಗುರು ಕಿತ್ತು ಬಂತೇ ಹೊರತು ಬಾಗಿಲು ಅಲುಗಲಿಲ್ಲ. ಮಗು ಕಿರುಚುತ್ತಿತ್ತು. ತಲೆಯ ಮೇಲೆ, ಮೋಟರಿನ ಹಳಿಯಿಂದ, ಒಂದು ಕೆಂಪು ಹಗ್ಗ ತೂಗುತ್ತಿತ್ತು. ಎದ್ದು ನಿಂತಾಗ ಅದು ಅವಳ ಕೂದಲಿಗೇ ತಾಗಿತು. ಅವಳು ಅದನ್ನು ಕೈಯಿಂದ ಆಚೆ ಸರಿಸಿದಳು. ಈ ಮನೆಗೆ ಬಂದ ದಿನವೇ ಗಂಡ ವೈಕುಂಠ ಹೇಳಿದ್ದ: ಆ ಹಗ್ಗ ಮಾತ್ರ ಮುಟ್ಟಬೇಡ.

ಆಗ ಹೊರಗಿನಿಂದ ಯಾರೋ ಬಾಗಿಲಿಗೆ ದಬದಬ ಬಡಿದರು. ಮಾರಿಸೆಲ್‌ಳ ಅಜ್ಜ, ಒಕಾಂಪೊ. ಹಡಗು ರಿಪೇರಿ ಮಾಡುವ ಕಡೆ ಮೂವತ್ತು ವರ್ಷ ದುಡಿದ ಫಿಲಿಪೀನ್ಸಿನ ಮುದುಕ. ನೆಲಕ್ಕೆ ಮುಖ ಹಚ್ಚಿ ಸಂದಿಯಿಂದ ಇಂಗ್ಲಿಷಿನಲ್ಲಿ ಅರಚಿದರು.

"ಕೆಂಪು ಹಗ್ಗ! ಹಗ್ಗ ಎಳಿ!"

ಎಳೆದಳು. ಟಕ್ ಎಂದಿತು. ಅಷ್ಟೇ. ಅಷ್ಟು ಹೊತ್ತು ಬಂಡೆಯ ಹಾಗಿದ್ದ ಬಾಗಿಲನ್ನು ಮುದುಕ ಹೊರಗಿನಿಂದ ಒಂದೇ ಕೈಯಲ್ಲಿ ಎತ್ತಿಬಿಟ್ಟರು.

ಆಂಬ್ಯುಲೆನ್ಸು ಬರುವವರೆಗೆ ಅವರು ಮೊಮ್ಮಗಳ ತಲೆ ಸವರುತ್ತ ಕೂತಿದ್ದರು. ಒಮ್ಮೆ ಮಾತ್ರ ತಲೆಯೆತ್ತಿ, "ಹಗ್ಗ ನಿನ್ನ ತಲೆಯ ಮೇಲೇ ಇತ್ತು. ಯಾಕೆ ಎಳೆಯಲಿಲ್ಲ?" ಎಂದು ಕೇಳಿದರು.

"ನನ್ನ ಗಂಡ ಮುಟ್ಟಬೇಡ ಅಂದಿದ್ದರು."

ಹೇಳಿದ ಮೇಲೆ ಸುಗುಣಾಳಿಗೆ ತನ್ನ ಮಾತು ತನಗೇ ಕೇಳಿಸಿತು. ಮೂವತ್ನಾಲ್ಕು ವರ್ಷದ ಹೆಂಗಸು, ಉಡುಪಿಯ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದವಳು, ಕೊಟ್ಟ ಉತ್ತರ ಇದು. ಮುದುಕ ಅವಳನ್ನು ಬೈಯಲಿಲ್ಲ. ಸಣ್ಣ ಮಕ್ಕಳನ್ನು ನೋಡುವ ಹಾಗೆ ನೋಡಿ ಮುಖ ತಿರುಗಿಸಿದರು. ಬೈದಿದ್ದರೆ ವಾಸಿಯಿತ್ತು.

ತೊಡೆಯ ಮೂಳೆ ಮುರಿದಿತ್ತು. ಸೊಂಟದಿಂದ ಪಾದದವರೆಗೆ ಪ್ಲಾಸ್ಟರು, ಆರು ವಾರ. ಬಾಗಿಲು ಎದೆಯ ಮೇಲೆ ಕೂತಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು.

ವೈಕುಂಠ ಪಾಲೋ ಆಲ್ಟೋದ ಆಫೀಸಿನಿಂದ ಬಂದಾಗ ಆರೂವರೆ. ವಿಷಯ ಫೋನಿನಲ್ಲೇ ಗೊತ್ತಾಗಿತ್ತು. ಶೂ ಕೂಡ ಬಿಚ್ಚದೆ ನೇರ ಇಂದುವಿನ ಎದುರು ಹೋಗಿ ನಿಂತ.

"ಎಷ್ಟು ಸಲ ಹೇಳಿದ್ದೇನೆ ನಿಂಗೆ? ಬಟನ್ ಮುಟ್ಟಬೇಡ, ಮುಟ್ಟಬೇಡ ಅಂತ!" ಕೈ ಎತ್ತಿದ್ದ.

"ಐ ಡಿಡಂಟ್!" ಇಂದು ಸೋಫಾದ ಮೂಲೆಗೆ ಮುದುಡಿದಳು. "ಬಟನ್ ಮುಟ್ಟಲಿಲ್ಲ ಅಪ್ಪ. ಅಮ್ಮನ ಕಾರಿನ ರಿಮೋಟ್ ಒತ್ತಿದ್ದು. ಜಸ್ಟ್ ದ ರಿಮೋಟ್."

ವೈಕುಂಠನ ಕೈ ಗಾಳಿಯಲ್ಲೇ ನಿಂತಿತು. ಸುಗುಣಾ ಬಂದು ಇಬ್ಬರ ನಡುವೆ ನಿಂತಳು.

"ಕೈ ಕೆಳಗೆ ಹಾಕಿ. ಇಂದೂ, ಅಪ್ಪ ಯಾಕೆ ಬಟನ್ ಮುಟ್ಟಬೇಡ ಅಂದದ್ದು? ನೀನು ಎಂತ ಅಂದ್ಕೊಂಡಿದ್ದಿ?"

"ಶಾಕ್ ಹೊಡೀತದೆ ಅಂತ." ಮೂಗು ಒರೆಸಿಕೊಂಡಳು. "ಗೋಡೇಲಿ ಕರೆಂಟ್ ಉಂಟಲ್ಲ. ರಿಮೋಟಲ್ಲಿ ಚಿಕ್ಕ ಬ್ಯಾಟರಿ ಅಷ್ಟೆ. ಸೋ ಇಟ್ಸ್ ಸೇಫ್. ಒತ್ತಿ, ಬಾಗಿಲು ಕೆಳಗೆ ಬರೋದ್ರೊಳಗೆ ಒಳಗೆ ಓಡೋದು, ಅದೇ ಆಟ. ನಾನು ಓಡಿದೆ. ಮಾರಿಸೆಲ್ ಬಿದ್ಲು."

ಎಂಟು ವರ್ಷದ ತಲೆ ಚೆನ್ನಾಗಿಯೇ ಲೆಕ್ಕ ಹಾಕಿತ್ತು. ಕಾರಣ ಹೇಳುವವರಿಲ್ಲದಾಗ ಮಗು ತಾನೇ ಒಂದು ಕಾರಣ ಹುಡುಕಿಕೊಂಡಿತ್ತು. ಆ ಕಾರಣಕ್ಕೆ ಸರಿಯಾಗಿಯೇ ನಡೆದುಕೊಂಡಿತ್ತು.

"ಮಕ್ಕಳಿಗೆ ಒಂದೊಂದನ್ನೂ ವಿವರಿಸ್ತಾ ಕೂತ್ರೆ ಆಗ್ತದಾ ಮಾರಾಯ್ತಿ?" ವೈಕುಂಠ ಗೊಣಗಿದ. "ಹೇಳಿದ್ದನ್ನ ಕೇಳ್ಬೇಕು. ನಾವೆಲ್ಲ ಹಾಗೇ ಬೆಳೆದದ್ದಲ್ವಾ?"

"ಕೇಳಿದ್ಳಲ್ಲ!" ಸುಗುಣಾಳ ದನಿ ಅವಳಿಗೇ ಗುರುತು ಸಿಗದಷ್ಟು ಏರಿತ್ತು. "ಅಕ್ಷರಕ್ಕೆ ಅಕ್ಷರ ಕೇಳಿದ್ಳು. ಬಟನ್ ಅಂದ್ರಿ, ಬಟನ್ ಮುಟ್ಟಲಿಲ್ಲ. ನಾನೂ ಕೇಳಿದೆ. ಹಗ್ಗ ಅಂದ್ರಿ, ಹಗ್ಗ ಮುಟ್ಟಲಿಲ್ಲ. ಆ ಮಗು ನನ್ನ ಕಾಲಬುಡದಲ್ಲಿ ಕಿರುಚ್ತಾ ಇತ್ತು, ನಾನು ನಿಮ್ಮ ಮಾತು ಪಾಲಿಸ್ತಾ ನಿಂತಿದ್ದೆ! ಈಗ ಹೇಳಿ, ಆ ಹಗ್ಗ ಎಂತಕ್ಕೆ ಇರೋದು?"

ವೈಕುಂಠ ಶೂ ಬಿಚ್ಚಲು ಬಗ್ಗಿದ.

"ನಿಮಗೆ ಗೊತ್ತಿಲ್ಲ."

"ಮನೆ ಮಾರಿದವನು ಹೇಳಿದ್ದ, ಅದನ್ನ ಎಳೀಬೇಡಿ, ಬಾಗಿಲು ಕಳಚ್ತದೆ ಅಂತ."

"ಯಾಕೆ ಅಂತ ಕೇಳಿದ್ರಾ?"

"ಇಲ್ಲ." ಅವನು ಕುರ್ಚಿಯ ಮೇಲೆ ಕೂತ. "ಇಂಜಿನಿಯರ್ ಅಂತ ಹೇಳ್ಕೊಂಡಿದ್ದೆ. ಅದೂ ಗೊತ್ತಿಲ್ವಾ ಅಂದುಬಿಟ್ರೆ ಅಂತ..."

ಎರಡು ವರ್ಷ ಆ ಹಗ್ಗದ ಕೆಳಗೆ ಕಾರು ನಿಲ್ಲಿಸಿದ ಮನುಷ್ಯ. ಸುಗುಣಾಳಿಗೆ ಅವನನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಇಂದು ಸಣ್ಣ ದನಿಯಲ್ಲಿ ಹೇಳಿದಳು.

"ಅಮ್ಮಾ, ನಾನು ನಿನ್ನ ಹತ್ರ ವೈ ಅಂತ ಕೇಳಿದ್ದೆ. ನೀನೂ 'ಅಪ್ಪ ಹೇಳಿದ್ದಾರೆ, ಅಷ್ಟೆ' ಅಂದಿ."

ಹೌದು, ಹಾಗೇ ಅಂದಿದ್ದಳು. ಪಾತ್ರೆ ತೊಳೆಯುತ್ತ, ತಿರುಗಿಯೂ ನೋಡದೆ. ಗಂಡನ ಮೇಲೆ ಎಸೆಯಲು ಕೂಡಿಟ್ಟಿದ್ದ ಸಿಟ್ಟೆಲ್ಲ ತಿರುಗಿ ತನ್ನ ಮೇಲೇ ಬಿತ್ತು. ಆ ರಾತ್ರಿ ಸಾರು ಒಲೆಯ ಮೇಲೇ ಉಳಿಯಿತು.

ಶನಿವಾರ ಬೆಳಿಗ್ಗೆ ಅವಳು ಬಟ್ಟೆ ತುಂಬುವ ಪ್ಲಾಸ್ಟಿಕ್ ಬುಟ್ಟಿಯನ್ನು ಗರಾಜಿನ ಹೊಸ್ತಿಲ ಮೇಲೆ ತಂದಿಟ್ಟಳು. ಮೋಟರು ತಣ್ಣಗಾಗಿ ಮತ್ತೆ ಓಡುತ್ತಿತ್ತು; ಬಾಗಿಲನ್ನು ಅದಕ್ಕೆ ಸಿಕ್ಕಿಸುವುದನ್ನು ಅವಳೇ ಹಿಂದಿನ ದಿನ ಕೈಪಿಡಿ ತರಿಸಿ ಓದಿ ಕಲಿತಿದ್ದಳು. ಸಾಲಿನ ಏಳೆಂಟು ಮಕ್ಕಳನ್ನು ಕರೆದು ಹುಲ್ಲಿನ ಮೇಲೆ ನಿಲ್ಲಿಸಿದಳು.

"ಎಲ್ಲರ ಎದುರು ಇದೆಲ್ಲ ಬೇಕಾ?" ಎಂದ ವೈಕುಂಠ.

"ಬೇಕು. ಇಂದೂ, ಗೋಡೆಯ ಬಟನ್ ಒತ್ತು. ಶಾಕ್ ಹೊಡೆಯುದಿಲ್ಲ. ಒತ್ತು."

ಇಂದು ಒತ್ತಿದಳು. ಬಾಗಿಲು ಎಂದಿನಂತೆ ಮೆಲ್ಲಗೆ ಇಳಿದು ಬಂತು. ಬುಟ್ಟಿಗೆ ತಾಗಿತು. ನಿಲ್ಲಲಿಲ್ಲ. ಬುಟ್ಟಿ ಒಂದು ಕ್ಷಣ ಬಾಗಿತು, ಆಮೇಲೆ ಪಟಪಟನೆ ಸೀಳಿ ಚಪ್ಪಟೆಯಾಯಿತು. ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದರು.

"ಈಗ ನೀವು ಹೇಳಿ," ಎಂದಳು ಗಂಡನಿಗೆ. "ಇವರಿಗೆ ತಿಳಿಯೋ ಹಾಗೆ."

ವೈಕುಂಠ ಕೆಮ್ಮಿದ. ಇಂಗ್ಲಿಷಿನಲ್ಲಿ ಶುರುಮಾಡಿದಾಗ ಆಫೀಸಿನ ಮೀಟಿಂಗಿನ ದನಿಯಿತ್ತು. ಮಕ್ಕಳ ಮುಖ ನೋಡಿ ಅದನ್ನು ಬಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಮೋಟರಿಗೆ ಕಣ್ಣಿಲ್ಲ ಎಂದ. ನೆಲ ಮುಟ್ಟುವವರೆಗೆ ತಳ್ಳು ಎಂಬುದೊಂದೇ ಅದಕ್ಕೆ ಗೊತ್ತು. ನಡುವೆ ಇರುವುದು ಬುಟ್ಟಿಯೋ ಕಾಲೋ ಅದಕ್ಕೆ ತಿಳಿಯದು. ಕೊನೆಗೆ ಎಲ್ಲರನ್ನೂ ಗರಾಜಿನೊಳಗೆ ಕರೆದು ಹಗ್ಗ ಎಳೆದು, ಅದು ಬಾಗಿಲನ್ನು ಮೋಟರಿನಿಂದ ಬಿಡಿಸುವುದನ್ನು ತೋರಿಸಿದ.

"ತಾಗಿದ ಕೂಡಲೇ ನಿಲ್ಲುವ ಹಾಗೆ ಯಾಕೆ ಮಾಡಲಿಲ್ಲ?" ಹಲ್ಲು ಬಿದ್ದ ಹುಡುಗಿಯೊಬ್ಬಳು ಕೇಳಿದಳು.

"ಈಗಿನ ಹೊಸದರಲ್ಲಿ ಹಾಗೆ ಮಾಡುತ್ತಾರೆ. ಇದು ಹಳೆಯದು. ನಾನು ಮೊದಲೇ ನೋಡಬೇಕಿತ್ತು. ನೋಡಲಿಲ್ಲ," ಎಂದ ವೈಕುಂಠ. ಮಕ್ಕಳೆದುರು ಅಷ್ಟು ಹೇಳುವುದಕ್ಕೆ ಅವನ ಕಿವಿ ಕೆಂಪಾಗಿತ್ತು. ಸುಗುಣಾಳಿಗೆ ಕರುಣೆ ಬರಲಿಲ್ಲ.

ಎದುರುಮನೆಯ ಮೆಟ್ಟಿಲ ಮೇಲೆ ಒಕಾಂಪೊ ನಿಂತು ಎಲ್ಲವನ್ನೂ ನೋಡಿದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ವಾರವೂ ಮುಂದಿನ ವಾರವೂ ಸುಗುಣಾ ಹಣ್ಣು ಹಿಡಿದು ಹೋದಾಗ ಮಾರಿಸೆಲ್‌ಳ ತಾಯಿ ಬಾಗಿಲಲ್ಲೇ ತೆಗೆದುಕೊಂಡು ಕಳಿಸಿದಳು. ಅದು ಅವರ ಹಕ್ಕು ಎಂದುಕೊಂಡು ಸುಗುಣಾ ತಿರುಗಿ ಬಂದಳು. ಇಂದು ಮಾತ್ರ ದಿನವೂ ಕೇಳುತ್ತಿದ್ದಳು, ನನ್ನನ್ನು ಯಾವಾಗ ಒಳಗೆ ಬಿಡುತ್ತಾರೆ ಎಂದು.

ಜುಲೈ ಕೊನೆಯ ಒಂದು ಮಧ್ಯಾಹ್ನ ಮುದುಕ ತಾವೇ ರಸ್ತೆ ದಾಟಿ ಬಂದರು. ಕೈಯಲ್ಲಿ ಮೊಳದುದ್ದದ ಮರದ ತುಂಡು.

"ಹೊಸ ಮೋಟರು ಹಾಕಿಸಿದಿರಂತೆ."

"ಹೌದು."

"ತೋರಿಸು."

ಸುಗುಣಾ ಬಾಗಿಲು ಎತ್ತಿದಳು. ಅವರು ತುಂಡನ್ನು ಹೊಸ್ತಿಲ ಮೇಲೆ ಅಡ್ಡಲಾಗಿ ಇಟ್ಟು ದೂರ ಸರಿದರು. ಬಾಗಿಲು ಇಳಿಯಿತು, ಮರಕ್ಕೆ ತಾಗಿತು, ತಕ್ಷಣ ಮೇಲೆ ಹೋಯಿತು. ಮುದುಕ ಗಡ್ಡ ಕೆರೆದುಕೊಂಡು ತುಂಡನ್ನು ಬಲಮೂಲೆಗೆ ಸರಿಸಿದರು. ಮತ್ತೆ ಇಳಿಯಿತು, ಮತ್ತೆ ಹೋಯಿತು. ಎಡಮೂಲೆಯಲ್ಲೂ ನೋಡಿದರು. ಸುಗುಣಾ ಪ್ರತಿ ಸಲವೂ ಬಟನ್ ಒತ್ತಿದಳು, ಬೇಸರ ತೋರಿಸಲಿಲ್ಲ.

ಅವರು ಮರದ ತುಂಡನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು.

"ನಿನ್ನ ಮಗಳನ್ನು ನಾಳೆ ಕಳಿಸು. ಮಾರಿಸೆಲ್‌ಗೆ ಆ ಬುಟ್ಟಿಯ ಕಥೆ ಕೇಳಬೇಕಂತೆ."

ಅಷ್ಟು ಹೇಳಿ, ರಸ್ತೆಯ ಎರಡೂ ಕಡೆ ನೋಡಿ, ನಿಧಾನವಾಗಿ ದಾಟಿ ಹೋದರು.