ಮ್ಯಾನೇಜರ್ ಖಾತೆ

ಕುಕನೂರಿನ ಬೀಜದ ಕಂಪನಿಯಲ್ಲಿ ಎಲ್ಲರ ಇಮೇಲ್ ಖಾತೆಗಳನ್ನು ಬ್ರೌಸರಿನ ಒಂದೇ ಪುಟದಿಂದ ನೋಡಿಕೊಳ್ಳುವವಳು ಶಿವಲೀಲಾ. ಮ್ಯಾನೇಜರ್ ಹುದ್ದೆ ತನಗೇ ಎಂದುಕೊಂಡು ಹೋದ ತಿಂಗಳೇ ಆ ಹೆಸರಿನ ಖಾತೆ ತೆರೆದು, ತನ್ನ ಪಾಸ್‌ವರ್ಡ್ ಹಾಕಿಟ್ಟಿದ್ದಳು. ಹುದ್ದೆ ಅವಳಿಂದಲೇ ಕೆಲಸ ಕಲಿತ ರುದ್ರೇಶನಿಗೆ ಹೋಯಿತು.

ಅವನು ಪೇಢೆ ಹಿಡಿದು ಬಂದ. ಅವನ ಹೊಸ ಅಂಗಿ ಕಂಡೇ ಅವಳಿಗೆ ಹೊಟ್ಟೆ ಉರಿಯಿತು.

“ಅಕ್ಕಾರ, ನನಗೊಂದು ಮ್ಯಾನೇಜರ್ ಖಾತೆ ಮಾಡಿಕೊಡ್ರಿ.”

ಅಷ್ಟರಲ್ಲಿ ಪರದೆಯ ಮೇಲೆ ‘ಮ್ಯಾನೇಜರ್’ ಎಂಬ ಖಾತೆ ಅವನ ಕಣ್ಣಿಗೆ ಬಿತ್ತು.

“ಆಗ್ಲೇ ಮಾಡಿಟ್ಟೀರಲ್ರಿ. ನನಗ ಸಿಗತೈತಿ ಅಂತ ನಿಮಗ ಮೊದ್ಲ ಗೊತ್ತಿತ್ತೇನ್ರಿ?”

“ಗೊತ್ತಿತ್ತಪಾ,” ಎಂದಳು. ಹೊಸ ಪಾಸ್‌ವರ್ಡ್ ಹಾಕಲು ಕೀಬೋರ್ಡನ್ನು ಅವನತ್ತ ಸರಿಸಿದಳು.

ಅವನು ಹೋದ ಮೇಲೆ, ಆ ಖಾತೆಯಲ್ಲಿ ಮೇಲ್‌ಗಳನ್ನು ಕೂಡಿಡುವ ಜಾಗವನ್ನು, ಬೇಗ ತುಂಬಲೆಂದು, ಉಳಿದೆಲ್ಲರದಕ್ಕಿಂತ ಕಡಿಮೆ ಮಾಡಿದಳು. ಆಮೇಲೆ ಪೇಢೆ ತಿಂದಳು.