ಏನೂ ಕಾಣದಿದ್ದಾಗ

ಫ್ರಾನ್ಸಿನ ಮಾರ್ಸೇ ನಗರದ ಪ್ರಯೋಗಾಲಯವೊಂದರಲ್ಲಿ ಸೊಲೆನ್ ವರ್ಷಗಟ್ಟಲೆ ಕೂತು ಕಟ್ಟಿದ ಹಾರುವ ಯಂತ್ರ ಪಾರಿವಾಳಕ್ಕಿಂತ ದೊಡ್ಡದೇನಲ್ಲ. ಅದಕ್ಕೆ ಉಪಗ್ರಹದ ಹಂಗಿಲ್ಲ, ನಕ್ಷೆಯೂ ಬೇಡ. ಹೊಟ್ಟೆಯಡಿ ಜೇನ್ನೊಣದ ಕಣ್ಣಿನಂಥ ಒಂದು ಕಣ್ಣು, ಅಷ್ಟೇ. ರೈಲಿನ ಕಿಟಕಿಯಿಂದ ನೋಡುವಾಗ ಹತ್ತಿರದ ಗಿಡ ಸರ್ರನೆ ಹಿಂದೋಡುತ್ತದೆ, ದೂರದ ಗುಡ್ಡ ಜರುಗಿದಂತೆಯೇ ಕಾಣುವುದಿಲ್ಲ. ಜೇನು ಹಾರುವುದು ಈ ಓಟವನ್ನು ನಂಬಿ. ಕೆಳಗಿನ ನೆಲ ತೀರ ಜೋರಾಗಿ ಓಡಿದರೆ ಮೇಲೇರು, ನಿಧಾನವಾದರೆ ಇಳಿ ಎಂದು ಸೊಲೆನ್ ಯಂತ್ರಕ್ಕೂ ಕಲಿಸಿದ್ದಳು.

ದ್ರಾಕ್ಷಿತೋಟ, ಕಲ್ಲುಗುಡ್ಡ ಎಲ್ಲವನ್ನೂ ಅದು ದಾಟಿತ್ತು. ಉಳಿದದ್ದು ಕಡಲು. ಉತ್ತರದಿಂದ ರಭಸವಾಗಿ ಬೀಸುವ ಮಿಸ್ತ್ರಾಲ್ ಗಾಳಿ ಪೂರ್ತಿ ಅಡಗಿದ ಒಂದು ಬೆಳಿಗ್ಗೆ, ಸುಣ್ಣಕಲ್ಲಿನ ಬಂಡೆಗಳ ನಡುವಿನ ಕಿರುಕೊಲ್ಲಿಗೆ ಅದನ್ನು ಒಯ್ದಳು. ಜೊತೆಗೆ ಗಾಸ್ಪಾರ್ ಇದ್ದ. ಯಂತ್ರದ ಕಣ್ಣಿಗೆ ಮಸೂರ ಕೂರಿಸಿದವನು ಅವನೇ. ನೀರು ಎಣ್ಣೆ ಹೊಯ್ದಂತೆ ನಿಂತಿತ್ತು. ಇಂಥ ದಿನ ಮತ್ತೆ ಸಿಕ್ಕೀತೇ ಎಂದು ಅವಳು ಹಿಗ್ಗಿದಳು.

ಯಂತ್ರ ದಡ ಬಿಟ್ಟಿತು. ಸ್ವಲ್ಪ ದೂರ ಹೋದದ್ದೇ ತಡ, ತಗ್ಗಿತು, ಇನ್ನೂ ತಗ್ಗಿತು. ಅವಸರವಿಲ್ಲ, ಓಲಾಟವಿಲ್ಲ, ಮನೆಗೆ ಬಂದಂತೆ ನೀರಿಗಿಳಿದುಬಿಟ್ಟಿತು.

"ಮಸೂರ ಸಡಿಲ ಇತ್ತು ಅನ್ಸುತ್ತೆ. ಒಂದ್ಸಲ ಸರಿಯಾಗಿ ನೋಡೋಕೆ ಏನಾಗಿತ್ತು ನಿಂಗೆ?" ಅಂದಳು ಸೊಲೆನ್.

ಗಾಸ್ಪಾರ್ ಅಂಗಿ ಕಳಚಿ ನೀರಿಗಿಳಿದ, ಈಜಿಹೋಗಿ ಅದನ್ನು ಎತ್ತಿ ತಂದ.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಅದನ್ನು ಬಿಚ್ಚಿದಾಗ ಮಸೂರ ಒಂದಿಷ್ಟೂ ಕದಲಿರಲಿಲ್ಲ. ಕಣ್ಣು ಕಂಡದ್ದನ್ನು ಪರದೆಯ ಮೇಲೆ ಮತ್ತೆ ಹಾಕಿ ನೋಡಿದಳು. ದಡದ ಕಲ್ಲುಗಳು ಓಡುತ್ತಿದ್ದವು. ಆಮೇಲೆ ಬರೀ ಬೆಳ್ಳನೆಯ ಬಯಲು. ಅಲೆಯಿಲ್ಲ, ಗೆರೆಯಿಲ್ಲ, ಓಡುವಂಥದ್ದು ಏನೂ ಇಲ್ಲ. ತಾನು ಬಹಳ ಎತ್ತರದಲ್ಲಿದ್ದೇನೆಂದುಕೊಂಡು ಯಂತ್ರ ಕಲಿತ ಪಾಠದಂತೆ ಇಳಿಯುತ್ತ ಹೋಗಿತ್ತು. ಜೇನ್ನೊಣಗಳೂ ನಿಶ್ಚಲ ಕೆರೆಯ ಮೇಲೆ ಹೀಗೆಯೇ ತಗ್ಗಿ ಮುಳುಗುತ್ತವೆಂದು ತಾನೇ ಎಷ್ಟೋ ಜನರಿಗೆ ಹೇಳಿದ್ದಳು. ಆದರೂ ಬೆಳಿಗ್ಗೆ ಅದು ನೆನಪಾಗಿರಲಿಲ್ಲ.

ಪಕ್ಕದ ಮೇಜಿನಲ್ಲಿ ಗಾಸ್ಪಾರ್ ಬ್ರೆಡ್ಡು ಮುರಿದು ತಿನ್ನುತ್ತಿದ್ದ. ಅವಳು ಅವನೆದುರು ಹೋಗಿ ಕೂತಳು.

"ತಪ್ಪು ನಂದು. ನಿನ್ನ ಮೇಲೆ ಸುಮ್ನೆ ಹರಿಹಾಯ್ದೆ."

"ಬಿಡು ಮಾರಾಯ್ತಿ. ನೀರು ಕೊರೀತಿತ್ತು, ಆದ್ರೂ ನಿನ್ನ ಮಾತಿಗಿಂತ ಬೆಚ್ಚಗಿತ್ತು," ಎಂದು ಅವನು ಬ್ರೆಡ್ಡಿನ ಅರ್ಧವನ್ನು ಅವಳತ್ತ ಸರಿಸಿದ.

ಎತ್ತರ ಅಳೆಯುವ ಇನ್ನೊಂದು ಉಪಕರಣ ಅಂಟಿಸಿದರೆ ಕೆಲಸ ಮುಗಿಯುತ್ತಿತ್ತು. ಕಣ್ಣೊಂದನ್ನೇ ನಂಬಿ ಅದು ಹಾರಬೇಕೆಂದಿದ್ದ ಅವಳಿಗೆ ಮನಸ್ಸಾಗಲಿಲ್ಲ. ಬದಲಿಗೆ ಯಂತ್ರಕ್ಕೆ ಹೊಸದೊಂದು ಮಾತು ಕಲಿಸಿದಳು: ಏನೂ ಕಾಣದಿದ್ದಾಗ ಇಳಿಯಬೇಡ, ಇದ್ದ ಮಟ್ಟದಲ್ಲೇ ನೇರ ಹೋಗು, ಏನಾದರೂ ಕಾಣುವವರೆಗೆ ಕಾಯಿ.

ಗಾಳಿ ಮತ್ತೆ ಅಡಗಿದ ದಿನ ಇಬ್ಬರೂ ಕೊಲ್ಲಿಗೆ ಹೋದರು. ನಡುನೀರಿನಲ್ಲಿ ಯಂತ್ರ ಒಮ್ಮೆ ಅಳುಕಿತು. ಆದರೆ ಅದು ತಗ್ಗಲಿಲ್ಲ. ಮಟ್ಟಸವಾಗಿ ಸಾಗಿ, ಎದುರು ದಡದ ಕಲ್ಲುಗಳು ಕಂಡೊಡನೆ ಮೆಲ್ಲಗೆ ಇಳಿದು ಕೂತಿತು. ಆಚೆ ನಿಂತಿದ್ದ ಗಾಸ್ಪಾರ್ ಕೈಯೆತ್ತಿದ. ಸೊಲೆನ್ ಬಂಡೆಯ ಮೇಲೆ ಕೂತು ಸುಮ್ಮನೆ ನಕ್ಕಳು.